ನೆರಳು ಬೇರೆ, ಕಲೆ ಬೇರೆ

ಕಾಲೇಜಿನಲ್ಲಿ ಪಾಠ ಹೇಳುವವನಿಗೆ ಬಂಧುಬಳಗದಲ್ಲಿ ಒಂದು ವಿಶೇಷ ಮರ್ಯಾದೆಯುಂಟು. ಮದುವೆ ಮುಂಜಿಗಳಲ್ಲಿ ಆ ಮರ್ಯಾದೆ ಅಷ್ಟಾಗಿ ಕಾಣಿಸುವುದಿಲ್ಲ. ಅಲ್ಲಿ ಗುತ್ತಿಗೆದಾರರಿಗೆ ಮೊದಲ ಪಂಕ್ತಿ. ಆದರೆ ಯಾರ ಮನೆಯಲ್ಲಾದರೂ ಮಕ್ಕಳು ತಂದೆತಾಯಿಗಳ ಮಾತನ್ನು ಕೇಳದೆ ಹೋದರೆ ಕೂಡಲೆ ಮೇಷ್ಟ್ರ ನೆನಪಾಗುತ್ತದೆ. "ಅವನನ್ನು ಕರೆಸಿ, ನಾಲ್ಕು ಬುದ್ಧಿಮಾತು ಹೇಳಲಿ" ಎಂದು ತೀರ್ಮಾನವಾಗುತ್ತದೆ. ನನ್ನ ತರಗತಿಯ ಅರುವತ್ತು ಮಂದಿಯಲ್ಲಿ ನನ್ನ ಬುದ್ಧಿಮಾತಿಗೆ ಕಿವಿಗೊಡುವವರು ಎಷ್ಟು ಮಂದಿ ಎಂಬ ಗುಟ್ಟು ಬಂಧುಗಳಿಗೆ ತಿಳಿಯದಿರುವುದೇ ಈ ಮರ್ಯಾದೆಗೆ ಆಧಾರ.

ಕಳೆದ ತಿಂಗಳು ಶಿಡ್ಲಘಟ್ಟದಿಂದ ನನ್ನ ಅಕ್ಕ ಫೋನು ಮಾಡಿದಾಗ ಆ ಮರ್ಯಾದೆ ನನಗೆ ಪ್ರಾಪ್ತವಾಯಿತು. "ಒಂದು ಭಾನುವಾರ ಬಂದು ಹೋಗಪ್ಪ. ಇವಳು ಪಿ.ಯು.ಸಿ. ಮುಗಿಸಿದಳು. ಮುಂದೇನು ಎಂದರೆ ಚಿತ್ರ ಬರೆಯುತ್ತೇನೆ ಎನ್ನುತ್ತಾಳೆ. ಅದೂ ಕಾಗದದ ಮೇಲಲ್ಲ, ಕಂಪ್ಯೂಟರಿನಲ್ಲಿ. ನಿನ್ನ ಭಾವ ಎರಡು ದಿನದಿಂದ ಅವಳ ಸಂಗಡ ಮಾತನಾಡಿಲ್ಲ. ನೀನು ಓದಿದವನು, ನೀನು ಹೇಳಿದರೆ ಕೇಳಿಯಾಳು" ಎಂದಳು.

ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟ ದೂರವೇನಲ್ಲ. ಬಸ್ಸಿನಲ್ಲಿ ಕುಳಿತು ಉಪದೇಶವನ್ನು ಮನಸ್ಸಿನಲ್ಲಿಯೇ ಸಿದ್ಧಪಡಿಸಿಕೊಂಡೆ. ಪೀಠಿಕೆ, ಎರಡು ದೃಷ್ಟಾಂತ, ಉಪಸಂಹಾರ. ಉಪಸಂಹಾರದಲ್ಲಿ ಬಿ.ಕಾಂ. ಪದವಿ.

ಭಾವನವರದು ರೇಷ್ಮೆ ನೂಲು ಬಿಚ್ಚುವ ಕಸಬು. ಮನೆಯ ಹಿಂದೆಯೇ ಶೆಡ್ಡು. ಅಲ್ಲಿ ಕುದಿನೀರಿನಲ್ಲಿ ಗೂಡು ಬೇಯುತ್ತಿರುತ್ತದೆ. ಹೊರಗಿನಿಂದ ಹೋದವರಿಗೆ ಆ ವಾಸನೆಯನ್ನು ಸಹಿಸುವುದು ಕಷ್ಟ. ಆ ಮನೆಯವರಿಗೆ ಅದು ಅನ್ನದ ವಾಸನೆ. ಭಾವ ಶೆಡ್ಡಿನಲ್ಲಿದ್ದರು. ಅಕ್ಕ ಕಣ್ಣಿನಲ್ಲಿಯೇ ಹುಡುಗಿಯ ಕೊಠಡಿಯನ್ನು ತೋರಿಸಿದಳು.

ಕೊಠಡಿಯಲ್ಲಿ ಒಂದು ಕಂಪ್ಯೂಟರು, ಅದರ ಮುಂದೆ ಸ್ಲೇಟಿನಂತಹ ಕಪ್ಪು ಹಲಗೆ, ಒಂದು ಪೆನ್ನು. ಪೆನ್ನಿಗೆ ಮಸಿಯಿಲ್ಲ, ಹಲಗೆಗೆ ಬಣ್ಣ ಹತ್ತುವುದಿಲ್ಲ. ಹಲಗೆಯ ಮೇಲೆ ಗೀಚಿದರೆ ಎದುರಿನ ತೆರೆಯಲ್ಲಿ ಗೆರೆ ಮೂಡುತ್ತದೆ; ಒತ್ತಿದರೆ ದಪ್ಪ, ತೇಲಿಸಿದರೆ ತೆಳು. ಚಿತ್ರ ಬರೆಯುವ ತಂತ್ರಾಂಶದ ಹೆಸರು 'ಕ್ರಿಟಾ'. ಅದಕ್ಕೆ ಕಾಸು ಕೊಡಬೇಕಾಗಿಲ್ಲ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಸ್ವೀಡನ್ ದೇಶದ ಭಾಷೆಯಲ್ಲಿ ಆ ಮಾತಿಗೆ ಸೀಮೆಸುಣ್ಣ, ಬಣ್ಣದ ಕಡ್ಡಿ ಎಂದು ಅರ್ಥ. ಕನ್ನಡದ ಮೇಷ್ಟ್ರಾದ ನನ್ನ ಕಿವಿಗೆ ಅದು 'ಕೃತ' ಎಂದೇ ಕೇಳಿಸಿತು. ಮಾಡಿ ಮುಗಿಸಿದ್ದು ಎಂದಲ್ಲವೆ ಅದರ ಅರ್ಥ? ಆದರೆ ತೆರೆಯ ಮೇಲಿದ್ದುದು ಮುಗಿಯದ ಕೆಲಸ.

ತೆರೆಯ ತುಂಬ ರೇಷ್ಮೆಗೂಡುಗಳು, ಮೂವತ್ತಕ್ಕೂ ಹೆಚ್ಚು. ಎಲ್ಲವೂ ಮಿಶ್ರತಳಿಯ ಹಳದಿ ಗೂಡುಗಳೇ. ಒಂದನ್ನೂ ಅಳಿಸದೆ ತಾರೀಖು ಹಾಕಿ ಇಟ್ಟಿದ್ದಳು.

"ಮಾವ, ಆಕಾರ ಸರಿಯಾಗಿದೆ. ಬಣ್ಣವೂ ಸರಿಯಾಗಿದೆ. ಆದರೆ ಗುಂಡಗೆ ಕಾಣಿಸುವುದಿಲ್ಲ. ಮೂರು ವಾರದಿಂದ ಇದೇ ಗೋಳು" ಎಂದಳು.

ನೋಡಿದೆ. ಪ್ರತಿಯೊಂದು ಗೂಡಿಗೂ ಅಂಚಿನ ಸುತ್ತ ಕಪ್ಪು, ನಡುವೆ ಬಿಳುಪು. ಎಲ್ಲಿಯೋ ಕಂಡಂತಿದೆಯಲ್ಲ ಎನ್ನಿಸಿತು. ನನ್ನ ಬಾಲ್ಯ ಕಳೆದುದು ಗೌರಿಬಿದನೂರಿನಲ್ಲಿ. ಪ್ರೌಢಶಾಲೆಯಲ್ಲಿದ್ದಾಗ ಲೋಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಗೆಂದು ಹಿತ್ತಾಳೆಯ ಚೊಂಬೊಂದನ್ನು ಮುಂದಿಟ್ಟುಕೊಂಡು ಬರೆದೆ. ಪೆನ್ಸಿಲಿನ ಪುಡಿಯನ್ನು ಹೆಬ್ಬೆರಳಿನಿಂದ ಅಂಚಿನ ಸುತ್ತ ಸವರಿ ಬಹಳ ಹೆಮ್ಮೆಯಿಂದ ತೋರಿಸಿದೆ. ಡ್ರಾಯಿಂಗ್ ಮೇಷ್ಟ್ರು ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿ, "ಚೊಂಬು ಬರೆಯೋ ಎಂದರೆ ದಿಂಬು ಬರೆದಿದ್ದೀಯಲ್ಲೋ!" ಎಂದರು. ಇಡೀ ತರಗತಿ ನಕ್ಕಿತು. ಈ ಕಥೆಯನ್ನು ಹೇಳಿದಾಗ ಹುಡುಗಿಯೂ ನಕ್ಕಳು. "ಮಾವ, ಇದಕ್ಕೆ ಇಂಗ್ಲಿಷಿನವರು ಪಿಲ್ಲೋ ಷೇಡಿಂಗ್ ಎನ್ನುತ್ತಾರೆ. ಅಂದರೆ ದಿಂಬೇ!" ಎಂದಳು. ನಮ್ಮ ಮೇಷ್ಟ್ರು ಅಷ್ಟು ದೂರದ ಪರಿಭಾಷೆಯನ್ನು ತಾವೇ ಕಂಡುಕೊಂಡಿದ್ದರೆಂದು ಅಂದು ನನಗೆ ಗೊತ್ತಾಗಲಿಲ್ಲ.

ಹೆಸರು ತಿಳಿದ ಮಾತ್ರಕ್ಕೆ ರೋಗ ಹೋಗುವುದಿಲ್ಲವಷ್ಟೆ. ಶೆಡ್ಡಿನಿಂದ ಒಂದು ಗೂಡನ್ನು ತರಿಸಿ, ಎಡಗಡೆಯ ಕಿಟಕಿಯ ಹತ್ತಿರ ಬಿಳಿಯ ಕಾಗದದ ಮೇಲೆ ಇಟ್ಟೆವು. ಇಬ್ಬರೂ ಕಣ್ಣನ್ನು ಅರೆಮುಚ್ಚಿ ನೋಡಿದೆವು. ಹಾಗೆ ನೋಡಿದರೆ ಸಣ್ಣ ವಿವರಗಳು ಅಳಿಸಿಹೋಗಿ ಬೆಳಕು ಕತ್ತಲೆಗಳ ದೊಡ್ಡ ತುಂಡುಗಳು ಮಾತ್ರ ಉಳಿಯುತ್ತವೆ.

ಕಿಟಕಿಯ ಕಡೆಯ ಮೈ ಬೆಳಗಿದ್ದಿತು. ಅಲ್ಲಿ ಅಂಚಿನವರೆಗೂ ಕಪ್ಪಿನ ಸುಳಿವೇ ಇಲ್ಲ. ಬಲಕ್ಕೆ ಬಂದಂತೆ ಬೆಳಕು ಮೆಲ್ಲಗೆ ಇಳಿದು ಒಂದು ಎಲ್ಲೆಯ ಆಚೆಗೆ ನೆರಳಾಗುತ್ತಿತ್ತು. ಆ ನೆರಳಿನಲ್ಲಿಯೂ ಎಲ್ಲಕ್ಕಿಂತ ಗಾಢವಾದ ಭಾಗ ಬಲತುದಿಯಲ್ಲಿರಲಿಲ್ಲ. ಎಲ್ಲೆಯ ಪಕ್ಕದಲ್ಲಿ ಪಟ್ಟಿಯಂತೆ ಇದ್ದಿತು. ಬಲತುದಿ ಮತ್ತೆ ಒಂದಿಷ್ಟು ತಿಳಿಯಾಗಿದ್ದಿತು. ಕೆಳಗಿನ ಬಿಳಿಯ ಕಾಗದ ತನಗೆ ಬಿದ್ದ ಬೆಳಕನ್ನು ಗೂಡಿನ ಕೆಳಮೈಗೆ ಹಿಂದಿರುಗಿಸುತ್ತಿತ್ತು. ಕಾಗದದ ಮೇಲೆ ಬಿದ್ದ ನೆರಳು ಗೂಡಿನ ಬುಡದಲ್ಲಿ ಕತ್ತರಿಸಿದಂತೆ ಸ್ಪಷ್ಟವಾಗಿದ್ದು, ದೂರ ಹೋದಂತೆ ಮಸುಕಾಗಿದ್ದಿತು. ಗೂಡೂ ಕಾಗದವೂ ತಾಗುವ ಕೂದಲೆಳೆಯಷ್ಟು ಜಾಗದಲ್ಲಿ ಮಾತ್ರ ನಿಜವಾದ ಕತ್ತಲೆ.

ಇಷ್ಟೆಲ್ಲ ಒಂದು ಬೆರಳ ತುದಿಯಷ್ಟು ಗೂಡಿನ ಮೇಲೆ! ಹುಟ್ಟಿದಂದಿನಿಂದ ಗೂಡುಗಳ ನಡುವೆಯೇ ಬೆಳೆದ ಹುಡುಗಿ ಅದನ್ನು ನೋಡಿರಲಿಲ್ಲ. ಪುಸ್ತಕಗಳ ನಡುವೆ ಬೆಳೆದ ನಾನಂತೂ ಏನನ್ನೂ ನೋಡಿರಲಿಲ್ಲ. ನಾವಿಬ್ಬರೂ ಬರೆದುದು ಕಣ್ಣಿಗೆ ಕಂಡುದನ್ನಲ್ಲ. 'ಗುಂಡಗಿರುವ ವಸ್ತು ಅಂಚಿನಲ್ಲಿ ಹಿಂದಕ್ಕೆ ತಿರುಗುತ್ತದೆ, ಆದುದರಿಂದ ಅಂಚು ಕಪ್ಪು' ಎಂದು ತಲೆಯೊಳಗೆ ಕಟ್ಟಿಕೊಂಡ ನಿಯಮವನ್ನು. ನೋಡುವವನು ತನ್ನ ಹಣೆಗೆ ದೀಪ ಕಟ್ಟಿಕೊಂಡಿದ್ದರೆ ಮಾತ್ರ ಆ ನಿಯಮ ನಡೆದೀತು. ಚಿತ್ರಕಾರ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಬೆಳಕು ಯಾವ ಕಡೆಯಿಂದ? ಅದಕ್ಕೆ ಉತ್ತರ ಹೇಳದೆ ಎಷ್ಟು ಬಣ್ಣ ಬಳಿದರೂ ವ್ಯರ್ಥ.

ಇನ್ನೊಂದು ಸಂಗತಿ. ಬೆಳಕು ಇಳಿಯುವುದಕ್ಕೂ ಒಂದು ಲೆಕ್ಕವಿದೆ. ಲ್ಯಾಂಬರ್ಟ್ ಎಂಬ ಗಣಿತಜ್ಞ 1760ರಲ್ಲಿಯೇ ಅದನ್ನು ಬರೆದಿಟ್ಟ. ಹೊಳಪಿಲ್ಲದ ಮೈ ಬೆಳಕಿಗೆ ನೇರವಾಗಿದ್ದಾಗ ಬೀಳುವುದನ್ನು 100 ಎಂದು ಇಟ್ಟುಕೊಂಡರೆ, 30 ಡಿಗ್ರಿ ಓರೆಯಾದಾಗಲೂ ಸುಮಾರು 87 ಉಳಿಯುತ್ತದೆ. 60 ಡಿಗ್ರಿಗೆ ಅದು 50. 75 ಡಿಗ್ರಿಗೆ 26. 90ಕ್ಕೆ ಏನೂ ಇಲ್ಲ. ಅಂದರೆ ಬೆಳಕು ಮೊದಮೊದಲು ನಿಧಾನವಾಗಿ, ಕೊನೆಯಲ್ಲಿ ದಡದಡನೆ ಇಳಿಯುತ್ತದೆ. ನಂದಿಬೆಟ್ಟದ ನೆತ್ತಿಯಲ್ಲಿ ಅಡ್ಡಾಡುತ್ತಿರುವವನಿಗೆ ಇದ್ದಕ್ಕಿದ್ದಂತೆ ಟಿಪ್ಪು ಡ್ರಾಪ್ ಎದುರಾದಂತೆ. ಹೊಸದಾಗಿ ಕಲಿಯುವವರು ಬೆಳಕಿನಿಂದ ಕತ್ತಲೆಗೆ ಮೆಟ್ಟಲು ಇಳಿದಂತೆ ಸಮಸಮನಾಗಿ ಸವರುತ್ತಾರೆ. ಅದರಲ್ಲೂ ಕಂಪ್ಯೂಟರಿನಲ್ಲಿ 'ಏರ್‌ಬ್ರಷ್' ಎಂಬ ಮೆತ್ತನೆಯ ಕುಂಚವೊಂದಿದೆ; ಅದರಿಂದ ಎಲ್ಲವನ್ನೂ ಸವರಿದರೆ ಕಲ್ಲೂ ಅರಳೆಯಾಗುತ್ತದೆ. ಹುಡುಗಿ ಆ ಕುಂಚವನ್ನು ಬಿಟ್ಟು ಗಡುಸಾದ ಕುಂಚ ತೆಗೆದುಕೊಂಡಳು. ಮೊದಲು ಬೆಳಕಿನ ಭಾಗ, ನೆರಳಿನ ಭಾಗ ಎಂದು ಎರಡೇ ತುಂಡು. ಆಮೇಲೆ ಎಲ್ಲೆಯಲ್ಲಿ ಮಾತ್ರ ನಡುವಣ ಛಾಯೆ. ಆಮೇಲೆ ಬಿದ್ದ ನೆರಳು. ಕೊನೆಗೆ ಕೆಳಗಿನಿಂದ ಬರುವ ತಿಳಿ ಬೆಳಕು. ಮೂವತ್ತೆಂಟೋ ಮೂವತ್ತೊಂಬತ್ತೋ ಆದ ಆ ಗೂಡು ತೆರೆಯಿಂದ ಎದ್ದು ಬಂದಂತೆ ಗುಂಡಗಾಯಿತು.

ಕನ್ನಡದ ಮೇಷ್ಟ್ರು ಇಂತಹ ಸಮಯದಲ್ಲಿ ಸುಮ್ಮನಿರುವುದುಂಟೆ? "ಇದೆಲ್ಲ ಹೊರಗಿನಿಂದ ಬಂದುದಲ್ಲ ಮಗು. ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರದಲ್ಲಿ ಛಾಯೆ ತುಂಬುವುದಕ್ಕೆ 'ವರ್ತನಾ' ಎಂದು ಹೆಸರು. ಪತ್ರಜ, ಐರಿಕ, ಬಿಂದುಜ ಎಂದು ಮೂರು ಬಗೆ. ಬಿಂದುಜವೆಂದರೆ ಚುಕ್ಕೆಗಳಿಂದ ಛಾಯೆ ತರುವುದು. ನಿನ್ನ ತೆರೆಯೂ ಚುಕ್ಕೆಗಳಿಂದಲೇ ಆದುದಲ್ಲವೆ? ಶಾಕುಂತಲದ ಆರನೆಯ ಅಂಕದಲ್ಲಿ ದುಷ್ಯಂತ ಬರೆದ ಚಿತ್ರದ ಉಬ್ಬುತಗ್ಗುಗಳನ್ನು ವಿದೂಷಕ ಮೆಚ್ಚಿಕೊಳ್ಳುತ್ತಾನೆ. ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಕನ್ನಡಿಯ ಬಿಂಬದಂತೆ ಕಾಣುವ ಚಿತ್ರಕ್ಕೆ 'ವಿದ್ಧ' ಎಂದು ಹೆಸರಿದೆ. ಆ ಗ್ರಂಥಕ್ಕೆ ಇನ್ನೊಂದು ಹೆಸರು 'ಅಭಿಲಷಿತಾರ್ಥ ಚಿಂತಾಮಣಿ'..."

"ಅತ್ತೆಯ ಊರು!" ಎಂದಳು ಹುಡುಗಿ. ನನ್ನ ಮನೆಯವಳ ತವರು ಚಿಂತಾಮಣಿ. "ಸರಿ ಮಾವ, ಹಳದಿ ಗೂಡಿನ ನೆರಳಿಗೆ ಯಾವ ಬಣ್ಣ ಹಾಕಬೇಕೆಂದು ಆ ಗ್ರಂಥದಲ್ಲಿ ಬರೆದಿದೆಯೆ?"

ನಾನು ಕೆಮ್ಮಿದೆ. ಆ ಹೊತ್ತಿಗೆ ಸರಿಯಾಗಿ ಭಾವ ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತರು. ಮಗಳ ಕಡೆ ನೋಡಲಿಲ್ಲ; ತೆರೆಯ ಕಡೆ ನೋಡಿದರು. ನಾವು ಬಹಳ ಮೆಚ್ಚಿಕೊಂಡಿದ್ದ ಗೂಡನ್ನು ಒಂದು ಕ್ಷಣ ದಿಟ್ಟಿಸಿ, "ಈ ಗೂಡಿಗೆ ನಾನು ಕೈಹಾಕುವುದಿಲ್ಲ" ಎಂದರು.

"ಏಕೆ ಭಾವ?"

"ಇದು ಕಲೆಗೂಡು. ಒಳಗೆ ಹುಳು ಸತ್ತು ಕೊಳೆತು ಗೂಡಿಗೆ ಹತ್ತಿದೆ. ನೂಲು ಬಿಚ್ಚಿದರೆ ತುಂಡುತುಂಡಾಗುತ್ತದೆ. ಹತ್ತು ಗೂಡಿನಲ್ಲಿ ಇಂತಹುದು ಎರಡಿದ್ದರೆ ಆ ಮಾಲನ್ನೇ ಬಿಟ್ಟು ಮುಂದಕ್ಕೆ ಹೋಗುತ್ತೇನೆ."

ಹುಡುಗಿಯ ಮುಖ ಬಾಡಿತು. ನಾನು ನೆರಳಿನ ವಿಷಯವನ್ನು ವಿವರಿಸಹೊರಟೆ. ಭಾವ ಕೇಳಲಿಲ್ಲ, ಶೆಡ್ಡಿಗೆ ಹೋಗಿ ಒಂದು ಪುಟ್ಟಿಯ ತುಂಬ ಗೂಡನ್ನು ತಂದು ಕಿಟಕಿಯ ಹತ್ತಿರ ಇಟ್ಟರು. "ನೆರಳು ಬೇರೆ, ಕಲೆ ಬೇರೆ. ಮಾರುಕಟ್ಟೆಯಲ್ಲಿ ಬೆಳಗಾದರೆ ನಾವು ನೋಡುವುದು ಅದನ್ನೇ ತಾನೆ? ಇಲ್ಲಿ ನೋಡು" ಎಂದು ಎರಡು ಗೂಡುಗಳ ಸಂದನ್ನು ಬೆರಳಿನಿಂದ ತೋರಿಸಿದರು. "ನೆರಳಿದೆಯಲ್ಲ? ಕಪ್ಪಿದೆಯೇ? ಅರಿಸಿನ ಅರೆದು ಮೆತ್ತಿದ ಹಾಗಿದೆ. ನೆರಳಾದರೆ ಗೂಡಿನ ಬಣ್ಣ ಒಳಗೆ ಇದ್ದೇ ಇರುತ್ತದೆ. ಕಲೆಯಾದರೆ ಬಣ್ಣ ಸತ್ತಿರುತ್ತದೆ."

ಇದನ್ನು ಹೇಳಿದುದು ಮಗಳಿಗೆ. ಎರಡು ದಿನಗಳ ಮೌನ ಮುಗಿದಿದ್ದುದನ್ನು ಬಾಗಿಲ ಮರೆಯಲ್ಲಿದ್ದ ಅಕ್ಕ ಗಮನಿಸಿದಳು, ಭಾವ ಗಮನಿಸಲಿಲ್ಲ.

ಮಾತು ನಿಜ. ಒಂದು ಹಳದಿ ಗೂಡಿನಿಂದ ಚಿಮ್ಮಿದ ಬೆಳಕು ಪಕ್ಕದ ಹಳದಿ ಗೂಡಿಗೆ ತಾಗಿ ಇನ್ನಷ್ಟು ಹಳದಿಯಾಗುತ್ತದೆ. ಸಂದಿನಲ್ಲಿ ಹೀಗೆ ಹಲವು ಸಲ ಚಿಮ್ಮಿ ಬಣ್ಣ ಕಾವೇರುತ್ತದೆ. ಬಯಲಿನಲ್ಲಿಯಾದರೆ ನೆರಳಿಗೆ ಸೂರ್ಯನ ಬೆಳಕು ಬೀಳದಿದ್ದರೂ ಆಕಾಶದ ಬೆಳಕು ಬೀಳುತ್ತದೆ. ಆದುದರಿಂದ ಅಲ್ಲಿ ನೆರಳಿಗೆ ನೀಲಿಯ ಛಾಯೆ. ಫ್ರಾನ್ಸಿನ ಕ್ಲೋಡ್ ಮೊನೆ 1890–91ರಲ್ಲಿ ಹೊಲದ ಬಣವೆಗಳನ್ನೇ ಬೇರೆ ಬೇರೆ ಹೊತ್ತಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಚಿತ್ರಗಳಲ್ಲಿ ಬರೆದ. ಅವುಗಳ ನೆರಳು ನೀಲಿ, ನೇರಳೆ. ಕಂಪ್ಯೂಟರಿನಲ್ಲಿ ನಮ್ಮ ಹುಡುಗಿ ಗೂಡಿನ ಬಣ್ಣವನ್ನು ಒಂದು ಪದರದಲ್ಲಿ ಬಳಿದು, ಅದರ ಮೇಲಿನ ಪದರದಲ್ಲಿ 'ಮಲ್ಟಿಪ್ಲೈ' ಎಂಬ ಕ್ರಮದಲ್ಲಿ ನೆರಳು ಹಾಕುತ್ತಿದ್ದಳು. ಅದು ಬಣ್ಣಗಾಜಿನ ಮೇಲೆ ಇನ್ನೊಂದು ಬಣ್ಣಗಾಜನ್ನು ಇಟ್ಟು ನೋಡಿದಂತೆ. ಮೇಲಿನ ಗಾಜು ಹೊಗೆ ಹಿಡಿದದ್ದಾದರೆ ಕೆಳಗಿನ ಹಳದಿಯೂ ಕೊಳೆಯಾಗಿ ಕಾಣುತ್ತದೆ. ಕಾವಿ ಬಣ್ಣದ್ದಾದರೆ ಹಳದಿ ಗಾಢವಾಗುತ್ತದೆ, ಸಾಯುವುದಿಲ್ಲ. ಹುಡುಗಿ ಕಪ್ಪನ್ನು ತೆಗೆದು ಕಾವಿಯನ್ನು ಹಾಕಿದಳು. ಭಾವ ಸ್ವಲ್ಪ ಹೊತ್ತು ನೋಡಿ, "ಈಗ ಪರವಾಗಿಲ್ಲ" ಎಂದರು. ಗೂಡಿನ ಮಾರುಕಟ್ಟೆಯಲ್ಲಿ ಅವರ ಬಾಯಿಂದ ಅದಕ್ಕಿಂತ ದೊಡ್ಡ ಹೊಗಳಿಕೆ ಹೊರಡುವುದಿಲ್ಲವೆಂದು ಅಕ್ಕ ಆಮೇಲೆ ಹೇಳಿದಳು.

ಊಟಕ್ಕೆ ಕುಳಿತಾಗ ಭಾವ ನಿಜವಾದ ಮಾತನ್ನು ತೆಗೆದರು. "ಅಲ್ಲಯ್ಯಾ, ಈಗ ಬಾಯಲ್ಲಿ ಹೇಳಿದರೆ ಯಂತ್ರವೇ ಚಿತ್ರ ಬರೆದುಕೊಡುತ್ತದಂತೆ. ನಿಮಿಷವೂ ಬೇಡವಂತೆ. ಇವಳು ಒಂದು ಗೂಡಿಗೆ ಮೂರು ವಾರ ಕುಳಿತರೆ ನಾಳೆ ಇವಳಿಗೆ ಯಾರು ಸಂಬಳ ಕೊಡುತ್ತಾರೆ? ನಾನು ನೋಡಿಲ್ಲವೆ? ನಮ್ಮಪ್ಪನ ಕಾಲದ ಚರಕ ಹೋಯಿತು, ಬೇಸಿನ್ ಬಂತು, ಈಗ ಎಲ್ಲ ಕೆಲಸವನ್ನೂ ತಾನೇ ಮಾಡುವ ಯಂತ್ರ ಬಂದಿದೆ. ಅದನ್ನು ಕೊಳ್ಳಲಾರದವರು ಈ ಬೀದಿಯಲ್ಲಿ ಎಷ್ಟು ಮಂದಿ ಬಾಗಿಲು ಹಾಕಿದರು!"

ಇದು ಚಿತ್ರಕಲೆಯನ್ನು ತಿಳಿಯದವರ ಮಾತೆಂದು ತಳ್ಳಿಹಾಕುವಂತಿರಲಿಲ್ಲ. ಯಂತ್ರ ಬಂದಾಗ ಏನಾಗುತ್ತದೆಂಬುದನ್ನು ಕೈಯಾರೆ ಅನುಭವಿಸಿದವರ ಮಾತು. ನನ್ನ ಪೀಠಿಕೆಯಲ್ಲಿಯೂ ದೃಷ್ಟಾಂತದಲ್ಲಿಯೂ ಅದಕ್ಕೆ ಉತ್ತರವಿರಲಿಲ್ಲ. ಹುಡುಗಿಯೇ ತಲೆ ಬಗ್ಗಿಸಿಕೊಂಡು ಮೆಲ್ಲಗೆ ಕೇಳಿದಳು: "ಅಪ್ಪಾ, ಈಗ ಹರಾಜು ಕೂಡ ಮೊಬೈಲಿನಲ್ಲಿ ತಾನೆ ಕೂಗುವುದು? ಮತ್ತೆ ನೀವು ಬೆಳಗಾಗೆದ್ದು ಮಾರುಕಟ್ಟೆಗೆ ಏಕೆ ಹೋಗುತ್ತೀರಿ?"

"ಗೂಡು ನೋಡಬೇಡವೆ?" ಎಂದರು ಭಾವ. ಎಂದವರು ಅಲ್ಲಿಗೇ ನಿಲ್ಲಿಸಿ ಸಾರಿಗೆ ಕೈ ನೀಡಿದರು.

ಕಣ್ಣಿದ್ದವರಿಗೆ ಯಂತ್ರದಿಂದ ಭಯವಿಲ್ಲ ಎಂದು ನಾನು ಓದುಗರಿಗೆ ಭರವಸೆ ಕೊಡಲಾರೆ. ಬಾಗಿಲು ಹಾಕಿದ ಬಿಚ್ಚಾಣಿಕೆದಾರರಲ್ಲಿಯೂ ಒಳ್ಳೆಯ ಕಣ್ಣಿನವರು ಇದ್ದರು. ಆದರೆ ಒಂದು ಮಾತು ನಿಜ: ಯಂತ್ರ ಬರೆದ ಚಿತ್ರದಲ್ಲಿ ಒಂದು ವಸ್ತುವಿಗೆ ಬೆಳಕು ಎಡದಿಂದ, ಪಕ್ಕದ್ದಕ್ಕೆ ಬಲದಿಂದ ಬಿದ್ದಿದ್ದರೆ ಅದನ್ನು ಹಿಡಿಯುವುದಕ್ಕೂ ನೆರಳು ಹಾಕಿ ಕಲಿತ ಕಣ್ಣೇ ಬೇಕು. ಅಂತಹ ಕಣ್ಣಿಗೆ ಪೇಟೆಯಲ್ಲಿ ಎಷ್ಟು ಬೆಲೆ ಸಿಕ್ಕೀತೆಂಬುದನ್ನು ಕಾಲವೇ ಹೇಳಬೇಕು. ಕೊನೆಗೆ ಕೈ ತೊಳೆಯುವಾಗ ಭಾವನವರೇ ತೀರ್ಪು ಕೊಟ್ಟರು: ಹುಡುಗಿ ಚಿಕ್ಕಬಳ್ಳಾಪುರದಲ್ಲಿ ಪದವಿಗೆ ಸೇರತಕ್ಕದ್ದು, ಚಿತ್ರವನ್ನೂ ಬಿಡಬೇಕಾಗಿಲ್ಲ, ಒಂದು ವರ್ಷ ನೋಡೋಣ. ಬುದ್ಧಿ ಹೇಳಲು ಹೋದ ನನಗೆ ಯಾರೂ ಏನನ್ನೂ ಕೇಳಲಿಲ್ಲ.

ಆದರೂ ಮೇಷ್ಟ್ರ ಸ್ವಭಾವ. ಮನೆಪಾಠ ಕೊಡದೆ ಬರಲಾದೀತೆ? ನಾಲ್ಕು ಊರಿನ ನಾಲ್ಕು ವಸ್ತುಗಳನ್ನು ಬರೆಯಲು ಹೇಳಿದೆ. ಶಿಡ್ಲಘಟ್ಟದ ಗೂಡು ಆಯಿತು. ಅದು ಹೊಳಪಿಲ್ಲದ ಮೈ. ಎರಡನೆಯದು ಚಿಂತಾಮಣಿಯ ಸಂತೆಯ ಟೊಮೇಟೊ. ಅದು ಹೊಳೆಯುವ ಮೈ. ಅದರ ಮೇಲಿನ ಬಿಳಿಯ ಚುಕ್ಕೆ ವಾಸ್ತವವಾಗಿ ಕಿಟಕಿಯ ಬಿಂಬ. ನಾವು ತಲೆ ಆಡಿಸಿದರೆ ಅದೂ ಜರಗುತ್ತದೆ, ನೆರಳು ಮಾತ್ರ ಇದ್ದಲ್ಲಿಯೇ ಇರುತ್ತದೆ. ಮೂರನೆಯದು ಚಿಕ್ಕಬಳ್ಳಾಪುರ ಸೀಮೆಯ ದಿಲ್‌ಖುಷ್ ದ್ರಾಕ್ಷಿ. ಬೆಳಕು ಅದರೊಳಕ್ಕೆ ಹೊಕ್ಕು ಎದುರು ಬದಿಯಲ್ಲಿ ಬೆಳಗುತ್ತದೆ. ನೆರಳಿರಬೇಕಾದ ಕಡೆಯೇ ಹಸಿರು ದೀಪ ಹಚ್ಚಿದಂತಿರುತ್ತದೆ. ಗೂಡಿನಲ್ಲಿ ಕಲಿತ ನಿಯಮ ಅಲ್ಲಿ ತಲೆಕೆಳಗು. ನಾಲ್ಕನೆಯದು ಗೌರಿಬಿದನೂರಿನ ಬಳಿಯ ವಿದುರಾಶ್ವತ್ಥದ ನಾಗರಕಲ್ಲು. 1938ರ ಗೋಲೀಬಾರಿನಿಂದ ಆ ಕ್ಷೇತ್ರ ನಾಡಿಗೆಲ್ಲ ಪರಿಚಿತ. ಭಕ್ತರು ನಿಲ್ಲಿಸಿದ ನಾಗರಕಲ್ಲುಗಳು ಅಲ್ಲಿ ಅಸಂಖ್ಯ. ಬೆಳಕು ಎದುರಿನಿಂದ ನೇರವಾಗಿ ಬಿದ್ದಾಗ ಹಾವಿನ ಸುರುಳಿಗಳು ಕಲ್ಲಿನಲ್ಲಿ ಕರಗಿದಂತಿರುತ್ತವೆ. ಬೆಳಕು ಓರೆಯಾಗಿ ಸವರಿದಾಗ ಒಂದೊಂದೂ ಎದ್ದು ಕಾಣುತ್ತದೆ. ಕಲ್ಲು ಅದೇ, ಕೆತ್ತನೆಯೂ ಅದೇ. ಕಾಣುವಂತೆ ಮಾಡುವುದು ನೆರಳು.

ಸಂಜೆಯ ಬಸ್ಸಿನಲ್ಲಿ ಹಿಂದಿರುಗುವಾಗ ಚಿಕ್ಕಬಳ್ಳಾಪುರ ಸಮೀಪಿಸಿದಂತೆ ಬೆಟ್ಟಗಳ ಸಾಲು ಕಾಣಿಸಿತು. ಸೂರ್ಯ ಅವುಗಳ ಹಿಂದೆ ಇಳಿಯುತ್ತಿದ್ದ. ನಮ್ಮ ಕಡೆಯ ಮೈ ಪೂರ್ತಿಯಾಗಿ ನೆರಳು. ನಾನು ಇಷ್ಟು ವರ್ಷ ಅದನ್ನು ಕಪ್ಪು ಎಂದೇ ತಿಳಿದಿದ್ದೆ. ಕಣ್ಣು ಅರೆಮುಚ್ಚಿ ನೋಡಿದೆ. ಕಪ್ಪಾಗಿರಲಿಲ್ಲ, ನೀಲಿಯಾಗಿದ್ದಿತು. ಪಕ್ಕದಲ್ಲಿ ಕುಳಿತಿದ್ದ ಹಿರಿಯರು, "ಏನು ಸ್ವಾಮಿ, ಕಣ್ಣು ನೋವೇ?" ಎಂದು ಕೇಳಿದರು.

"ಇಲ್ಲ, ಈಗ ಪರವಾಗಿಲ್ಲ" ಎಂದೆ.